ಗೋಡೆ ಎದ್ದ ಮೇಲೆ ಅದರ ಮೇಲೇನು ಬರೆಯಬೇಕು?

ಹಳೆಯ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಗಾರೆ, ಕಲ್ಲು, ತೊಲೆಗಳ ಮಾತು ಬೇಗ ಮುಗಿಯುತ್ತದೆ. ಜಗಳ ಹತ್ತುವುದು ಕೊನೆಗೆ ಹಾಕಿಸುವ ಕಲ್ಲಿನ ಬರಹಕ್ಕೆ. ಯಾರು ಕೆಡವಿದರು, ಯಾರು ದುಡ್ಡು ಕೊಟ್ಟರು, ಇದನ್ನೆಲ್ಲ ಕೆತ್ತಿಸಬೇಕಾ ಬೇಡವಾ? ಆಗೆಲ್ಲ ನನಗೆ ನೆನಪಾಗುವುದು ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಲೈಬ್ರರಿ.

1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಆ ಊರಿಗೆ ಬೆಂಕಿ ಇಟ್ಟರು. ಬಟ್ಟೆ ವ್ಯಾಪಾರಿಗಳ ಹಳೆಯ ಕಟ್ಟಡದಲ್ಲಿದ್ದ ಲೈಬ್ರರಿ ಸುಟ್ಟುಹೋಯಿತು. 2 ಲಕ್ಷಕ್ಕೂ ಜಾಸ್ತಿ ಪುಸ್ತಕಗಳು, ಜೊತೆಗೆ ನೂರಾರು ಹಸ್ತಪ್ರತಿಗಳು. ಪುಸ್ತಕವಾದರೆ ಇನ್ನೆಲ್ಲೋ ಒಂದು ಸಿಕ್ಕೀತು, ಹಸ್ತಪ್ರತಿಯನ್ನು ಎಲ್ಲಿಂದ ತರುವುದು?

ಯುದ್ಧ ಮುಗಿದ ಮೇಲೆ ಅಮೆರಿಕದ ಜನ ಹಣ ಕೂಡಿಸಿದರು. 1921ರಲ್ಲಿ ಊರಿನ ಬೇರೊಂದು ಚೌಕದಲ್ಲಿ ಹೊಸ ಲೈಬ್ರರಿಯ ಕೆಲಸ ಶುರುವಾಯಿತು. ನಕ್ಷೆ ನ್ಯೂಯಾರ್ಕಿನ ವಿಟ್ನಿ ವಾರೆನ್ ಅವರದು. ಮುಂಭಾಗದ ಕಲ್ಲಿನ ಕಟಾಂಜನವನ್ನೇ ದೊಡ್ಡ ಲ್ಯಾಟಿನ್ ಅಕ್ಷರಗಳಲ್ಲಿ ಕೊರೆಸಬೇಕು ಅನ್ನುವುದು ಅವರ ಹಟ: ಜರ್ಮನ್ನರ ಆವೇಶಕ್ಕೆ ಉರುಳಿದ್ದು, ಅಮೆರಿಕದ ಕೊಡುಗೆಯಿಂದ ಮತ್ತೆ ಎದ್ದಿದ್ದು.

ವಿಶ್ವವಿದ್ಯಾಲಯದ ಮುಖ್ಯಸ್ಥ ಲಾದೂಜ್ ಒಪ್ಪಲಿಲ್ಲ. ದೊಡ್ಡ ಗಲಾಟೆಯೇ ಆಯಿತು, ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಯುದ್ಧ ಮುಗಿದ ಮೇಲೆ ಜರ್ಮನಿಯೊಂದಿಗೆ ಆದ ವರ್ಸೇಲ್ಸ್ ಒಪ್ಪಂದದ ಪ್ರಕಾರ, ಸುಟ್ಟಿದ್ದಕ್ಕೆ ಪರಿಹಾರವಾಗಿ ಜರ್ಮನಿಯಿಂದಲೂ ಪುಸ್ತಕಗಳು ಇದೇ ಲೈಬ್ರರಿಗೆ ಬರುತ್ತಿದ್ದವು ಅನ್ನುವುದನ್ನು ಮರೆಯಬಾರದು. ಮುಂದೊಂದು ದಿನ ಜರ್ಮನ್ ಹುಡುಗನೊಬ್ಬ ಓದಲು ಬಂದರೆ ಬಾಗಿಲಲ್ಲೇ ಅವನನ್ನು ಬೈದು ಒಳಗೆ ಕರೆಯುವುದಾ? ನಾನಂತೂ ಲಾದೂಜ್ ಕಡೆ. 1928ರ ಜುಲೈ 4ರಂದು ಆ ಬರಹವಿಲ್ಲದೆಯೇ ಬಾಗಿಲು ತೆರೆಯಿತು.

ಹಾಗಂತ ಗೋಡೆ ಖಾಲಿ ಉಳಿಯಲಿಲ್ಲ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಹಣ ಕೊಟ್ಟ ಅಮೆರಿಕನ್ ಶಾಲೆ, ಕಾಲೇಜುಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ಕೈ ಆಡಿಸಿದರೆ ಬೆರಳಿಗೆ ಸಿಗುವಷ್ಟು ಆಳವಾಗಿ ಕೆತ್ತಿದ ಅಕ್ಷರಗಳು. ಕೊಟ್ಟವರ ನೆನಪಿಗೆ ಅಷ್ಟು ಸಾಕು ಅಂತ ನನಗನ್ನಿಸುತ್ತದೆ.

1940ರ ಮೇ ತಿಂಗಳಲ್ಲಿ ಮತ್ತೆ ಯುದ್ಧ, ಮತ್ತೆ ಬೆಂಕಿ. ಈ ಸಲ ಹೋಗಿದ್ದು ಸುಮಾರು 9 ಲಕ್ಷ ಪುಸ್ತಕ. ಎರಡನೇ ಸಲವೂ ಅವರು ಬೇರೆ ನಕ್ಷೆ ಹುಡುಕಲಿಲ್ಲ, ವಾರೆನ್ ನಕ್ಷೆಯನ್ನೇ ಇಟ್ಟುಕೊಂಡು ಕಟ್ಟಿದರು. ಬೈಗುಳದ ಸಾಲು ಮಾತ್ರ ಆಗಲೂ ಬರಲಿಲ್ಲ. ಲೈಬ್ರರಿಯ ಎದುರಿನ ಚೌಕಕ್ಕೆ ಈಗ ಲಾದೂಜ್ ಅವರ ಹೆಸರಿದೆ.