ಟೇಬಲ್ ಸಾ ಯಂತ್ರದ ಬೀಡುಕಬ್ಬಿಣದ ಮೇಜು: ತುಕ್ಕು ಹಿಡಿಯುವ ಬಗೆ, ಕಾಪಾಡುವ ಬಗೆ

ಮೇಜಿನಿಂದ ಮೇಲೆ ಚಾಚಿದ ಗರಗಸದ ಚಕ್ರದಿಂದ ಮರ ಕೊಯ್ಯುವ ಟೇಬಲ್ ಸಾ ಯಂತ್ರದ ಮೇಜಿಗೆ ಬೀಡುಕಬ್ಬಿಣವನ್ನು ಆರಿಸುವುದು ಅದರ ಭಾರ ಮತ್ತು ಸ್ಥಿರತೆಗಾಗಿ. ಅದರಲ್ಲಿ ಸುಮಾರು ಶೇ. 2ರಿಂದ 4ರಷ್ಟು ಇಂಗಾಲವಿದ್ದು, ಬೂದು ಬೀಡುಕಬ್ಬಿಣದಲ್ಲಿ ಅದರ ಹೆಚ್ಚಿನ ಪಾಲು ತೆಳ್ಳಗಿನ ಗ್ರಾಫೈಟ್ ಪದರುಗಳಾಗಿ ಹರಡಿಕೊಂಡಿರುತ್ತದೆ. ಮೋಟಾರಿನ ಕಂಪನವನ್ನು ತಗ್ಗಿಸುವುದು ಈ ಪದರುಗಳೇ. ಯಂತ್ರದ ಬದಿಗಳಿಗೆ ಬಣ್ಣ ಬಳಿಯಬಹುದು. ಮರ ಜಾರಬೇಕಾದ ಮೇಲ್ಮೈಯನ್ನು ಮಾತ್ರ ಗ್ರೈಂಡ್ ಮಾಡಿ ಬರಿದಾಗಿಯೇ ಬಿಡಬೇಕು. ಅದನ್ನು ಕಾಪಾಡುವ ಹೊಣೆ ಬಳಸುವವರ ಮೇಲೆ ಬೀಳುವುದು ಇದರಿಂದಲೇ.

ತುಕ್ಕಿಗೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಆಮ್ಲಜನಕವನ್ನು ನಾವು ತಡೆಯಲಾರೆವು. ಆದ್ದರಿಂದ ಎಲ್ಲ ಪ್ರಯತ್ನವೂ ಲೋಹದ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳುವುದಕ್ಕೇ ಸಲ್ಲಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆಯೂ ತುಕ್ಕಿಗೆ ಸಾಕಾಗುತ್ತದೆ, ಮತ್ತು ಉಪ್ಪಿನ ಅಂಶ ಸೇರಿದರೆ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ. ಬೆವರಿದ ಅಂಗೈಯನ್ನು ಮೇಜಿನ ಮೇಲೆ ಊರಿ ಒರೆಸದೆ ಹೋದರೆ, ಮರುದಿನ ಬೆರಳುಗಳ ಆಕಾರವೇ ಕಂದು ಬಣ್ಣದಲ್ಲಿ ಮೂಡಿರುವುದನ್ನು ನಾನು ಕಂಡಿದ್ದೇನೆ. ಹೀಗೆ ಹುಟ್ಟಿದ ತುಕ್ಕು ಅಲ್ಯೂಮಿನಿಯಂ ಮೇಲಿನ ಆಕ್ಸೈಡಿನಂತೆ ಗಟ್ಟಿ ಪೊರೆಯಾಗಿ ಲೋಹವನ್ನು ರಕ್ಷಿಸುವುದಿಲ್ಲ. ಸಡಿಲವೂ ರಂಧ್ರಮಯವೂ ಆದ ಅದು ತೇವವನ್ನು ಹಿಡಿದಿಟ್ಟು, ಕೆಳಗಿನ ಕಬ್ಬಿಣವನ್ನೂ ತಿನ್ನುತ್ತಾ ಹೋಗುತ್ತದೆ.

ಯಾರೂ ನೀರು ಚೆಲ್ಲದಿದ್ದರೂ ಬೆಳಗಾಗುವಷ್ಟರಲ್ಲಿ ಮೇಜು ತೇವವಾಗುವುದು ಹೇಗೆಂಬುದು ಹಲವರಿಗೆ ಒಗಟಾಗಿರುತ್ತದೆ, ಮತ್ತು ಈ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಅರಿತುಕೊಳ್ಳಬೇಕಾದದ್ದೂ ಇದನ್ನೇ. ಗಾಳಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದು ಸಾಪೇಕ್ಷ ಆರ್ದ್ರತೆ ಶೇ. 70 ಇದ್ದರೆ, ಇಬ್ಬನಿ ಬಿಂದು, ಅಂದರೆ ಗಾಳಿಯ ಆವಿ ನೀರಾಗತೊಡಗುವ ಉಷ್ಣತೆ, ಸುಮಾರು 19 ಡಿಗ್ರಿ. ರಾತ್ರಿಯ ಚಳಿಯಲ್ಲಿ ತಣ್ಣಗಾದ ಭಾರವಾದ ಕಬ್ಬಿಣ ಬೇಗ ಬಿಸಿಯಾಗುವುದಿಲ್ಲ; ಬೆಳಿಗ್ಗೆ ಬಾಗಿಲು ತೆರೆದಾಗ ಒಳಗೆ ಬರುವ ಬೆಚ್ಚನೆಯ ತೇವಗಾಳಿ, 19 ಡಿಗ್ರಿಗಿಂತ ತಣ್ಣಗಿರುವ ಆ ಮೇಜನ್ನು ಮುಟ್ಟಿದೊಡನೆ ಅದರ ಆವಿ ನೀರಾಗಿ ಇಳಿಯುತ್ತದೆ. ಹಾಗಾಗಿ ಕೋಣೆಯ ಉಷ್ಣತೆ ಹಠಾತ್ತಾಗಿ ಏರಿಳಿಯದಂತೆ ನೋಡಿಕೊಳ್ಳುವುದು, ಸಾಧ್ಯವಾದರೆ ತೇವಾಂಶ ಹೀರುವ ಯಂತ್ರವನ್ನಿಡುವುದು, ಮೇಜಿನ ಮೇಲೆ ಗಾಳಿಯಾಡುವ ಬಟ್ಟೆಯನ್ನು ಹೊದಿಸುವುದು ಉಪಯುಕ್ತ. ಪ್ಲಾಸ್ಟಿಕ್ ಹಾಳೆಯನ್ನು ನಾನು ಒಪ್ಪುವುದಿಲ್ಲ; ಅದರಡಿ ಸಿಕ್ಕಿಕೊಂಡ ತೇವ ಹೊರಹೋಗಲು ದಾರಿಯೇ ಇರುವುದಿಲ್ಲ. ಮರದ ಹೊಟ್ಟಿನ ರಾಶಿಯೂ ತೇವ ಹೀರಿ ಲೋಹಕ್ಕೆ ಒತ್ತಿಕೊಂಡಿರುವುದರಿಂದ ಕೆಲಸ ಮುಗಿದ ಕೂಡಲೇ ಅದನ್ನು ಗುಡಿಸಬೇಕು. ಹಸಿ ಹಲಗೆಯನ್ನಂತೂ ಮೇಜಿನ ಮೇಲೆ ರಾತ್ರಿಯಿಡೀ ಬಿಡಲೇಬಾರದು.

ತುಕ್ಕು ಆಗಲೇ ಬಂದಿದ್ದರೆ, ಮೊದಲು ಯಂತ್ರದ ಪ್ಲಗ್ಗನ್ನು ಕಿತ್ತಿಡಿ. ಮೇಲ್ಮೈಯ ಹಳೆಯ ಮೇಣ ಮತ್ತು ಎಣ್ಣೆಯನ್ನು, ಪೇಂಟ್ ತೆಳುಮಾಡಲು ಬಳಸುವ ಮಿನರಲ್ ಸ್ಪಿರಿಟ್ಸ್‌ನಿಂದ ಒರೆಸಿ. ಅದು ಬೆಂಕಿ ಹತ್ತುವ ದ್ರವವಾದ್ದರಿಂದ ಕಿಟಕಿ ತೆರೆದಿರಲಿ, ಹತ್ತಿರ ಕಿಡಿ ಇರದಿರಲಿ. ತೆಳು ತುಕ್ಕಿಗೆ ನುಣುಪಾದ ಸ್ಟೀಲ್ ವೂಲ್ ಅಥವಾ ಸಿಂಥೆಟಿಕ್ ಉಜ್ಜುವ ಪ್ಯಾಡ್ ಸಾಕು. ಗಟ್ಟಿಯಾಗಿದ್ದರೆ 400 ಗ್ರಿಟ್‌ನ ಉಪ್ಪುಕಾಗದವನ್ನು ಸಮತಟ್ಟಾದ ಮರದ ತುಂಡಿಗೆ ಸುತ್ತಿ, ಗ್ರೈಂಡ್ ಮಾಡಿದಾಗ ಉಳಿದ ಸಣ್ಣ ಗೆರೆಗಳ ದಿಕ್ಕಿನಲ್ಲೇ, ವಿಶಾಲವಾಗಿ ಉಜ್ಜಿ. ಕಲೆಯೊಂದರ ಮೇಲೆಯೇ ಬೆರಳಿಟ್ಟು ತಿಕ್ಕಿದರೆ ಅಲ್ಲಿ ತಗ್ಗು ಬೀಳುತ್ತದೆ, ಮತ್ತು ಹೋದ ಸಮತಟ್ಟನ್ನು ಮರಳಿ ಪಡೆಯುವುದು ತುಕ್ಕು ತೆಗೆಯುವುದಕ್ಕಿಂತ ಬಹಳ ಕಷ್ಟ. ಕೈಗೆ ತಾಗದ, ಬರೀ ಕಣ್ಣಿಗೆ ಕಾಣುವ ಕಪ್ಪು ನೆರಳನ್ನು ಹಾಗೆಯೇ ಬಿಡುವುದು ಲೇಸು. ಫಾಸ್ಫಾರಿಕ್ ಆಮ್ಲವಿರುವ ದ್ರಾವಣಗಳು ತುಕ್ಕನ್ನು ಚೆನ್ನಾಗಿ ಕರಗಿಸುತ್ತವೆಯಾದರೂ ಬೂದು ಛಾಯೆಯನ್ನು ಉಳಿಸುತ್ತವೆ; ಕೈಗವಸು, ಕನ್ನಡಕ ಧರಿಸಿ ಬಳಸಿ, ದ್ರಾವಣವನ್ನು ಒರೆಸಿ ತೆಗೆದು ಕೂಡಲೇ ಒಣಗಿಸಬೇಕು. ಈಗಷ್ಟೇ ಶುದ್ಧವಾದ ಬರಿ ಕಬ್ಬಿಣಕ್ಕೆ ತುಕ್ಕು ಮರುಕಳಿಸಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಇನ್ನು ಹೊದಿಕೆ. ದಿನನಿತ್ಯ ಬಳಸುವ ಮೇಜಿಗೆ ಎಣ್ಣೆಗಿಂತ ಪೇಸ್ಟ್ ಮೇಣವೇ ಮೇಲು ಎಂಬುದು ನನ್ನ ನಿಲುವು: ಎಣ್ಣೆ ಹೊಟ್ಟನ್ನು ಅಂಟಿಸಿಕೊಳ್ಳುತ್ತದೆ, ಮರಕ್ಕೂ ಹತ್ತಿ ಮುಂದೆ ಬಳಿಯುವ ಪಾಲಿಶನ್ನು ಕೆಡಿಸುತ್ತದೆ. ಬಹುಕಾಲ ಬಳಸದೆ ಇಡುವ ಯಂತ್ರಕ್ಕೆ ದಪ್ಪ ಎಣ್ಣೆ ಬಳಿದು, ಮತ್ತೆ ಬಳಸುವ ಮುನ್ನ ಒರೆಸಿ ತೆಗೆಯಬಹುದು. ಮೇಣದಲ್ಲಿ ಸಿಲಿಕೋನ್ ಇರಬಾರದು. ಕಾರಿಗೆ ಬಳಸುವ ಹಲವು ಮೇಣಗಳಲ್ಲಿ ಅದಿರುತ್ತದೆ, ಮತ್ತು ಅದು ಮರಕ್ಕೆ ತಗುಲಿದರೆ ವಾರ್ನಿಷ್ ಅಲ್ಲಲ್ಲಿ ಕೂರದೆ ಸಣ್ಣ ಗುಳಿಗಳಾಗುತ್ತವೆ. ಬಟ್ಟೆಯಿಂದ ತೆಳುವಾಗಿ ಹಚ್ಚಿ, ಮೇಣ ಮಂಜಿನಂತೆ ಮಬ್ಬಾದಾಗ ಬೇರೊಂದು ಒಣ ಬಟ್ಟೆಯಿಂದ ಚೆನ್ನಾಗಿ ತಿಕ್ಕಬೇಕು. ಮರವನ್ನು ಬೇಕಾದ ಕೋನದಲ್ಲಿ ಹಿಡಿದು ತಳ್ಳುವ ಸಾಧನವಾದ ಮೈಟರ್ ಗೇಜ್ ಓಡುವ ತೋಡುಗಳ ಒಳಗೋಡೆಗಳನ್ನು ಅನೇಕರು ಮರೆತುಬಿಡುತ್ತಾರೆ. ತುಕ್ಕು ಬಂದರೆ ಗೇಜ್ ಬಿಗಿಯಾಗುವುದು ಅಲ್ಲೇ. ಮೇಣ ಸವೆದುಹೋಗುವ ವಸ್ತುವಾದ್ದರಿಂದ ಮರುಲೇಪನಕ್ಕೆ ತಾರೀಖನ್ನು ನೋಡುವುದಕ್ಕಿಂತ ಕೈಯನ್ನು ನಂಬುವುದು ಒಳ್ಳೆಯದು: ಹಲಗೆಯನ್ನು ತಳ್ಳುವಾಗ ಮೊದಲಿಗಿಂತ ಹೆಚ್ಚು ಒತ್ತು ಬೇಕೆನಿಸಿದ ದಿನವೇ, ಒರೆಸಿ, ಹೊಸ ಮೇಣ ಹಚ್ಚಿ.