ಬೂದಿಗೂ ಒಂದು ಮಾಳಿಗೆ ಬೇಕು

ನವಲಗುಂದದ ನಮ್ಮ ಹಳೇ ಮನೆ ಮಣ್ಣಿನ ಮಾಳಿಗೆಯದು. ಮಿರಗದ ಮಳೆಗೆ ಮೊದಲೇ ಅಜ್ಜ ಮೇಲೆ ಹತ್ತಿ ಬಿರುಕು ಹುಡುಕುತ್ತಿದ್ದ. ಮಣ್ಣು ಮೆತ್ತಿ, ತುಳಿದು, ನೀರು ಹೊರಗೆ ಬೀಳುವ ಕಡೆಗೆ ಇಳಿಜಾರು ಮಾಡುತ್ತಿದ್ದ. "ನೀರಿಗೆ ನಿಲ್ಲಾಕ ಜಾಗಾ ಕೊಡಬ್ಯಾಡ, ನಿಂತ್ರ ಒಳಗ ಬರತೈತಿ" ಅನ್ನುತ್ತಿದ್ದ.

ಈಚೆಗೆ ಹುಬ್ಬಳ್ಳಿಯಲ್ಲಿ ಪಕ್ಕದ ಮನೆ ಕಾಕಾ ಬೂದಿ ಇಟ್ಟಿಗೆ ಇಳಿಸಿಕೊಳ್ಳುವಾಗ ಕೇಳಿದರು: "ಉಳಿದ ಬೂದೀನ ಯಾವುದಾರ ಹಾಳು ಖಣಿಗೆ ಸುರದ್ರಾತಲ್ಲ ತಮ್ಮಾ?" ಆಗ ಅಜ್ಜನ ಮಾತು ನೆನಪಾಯಿತು.

ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ. 100 ಕಿಲೊ ಸುಟ್ಟರೆ 30ರಿಂದ 40 ಕಿಲೊ ಬೂದಿಯೇ ಉಳಿಯುತ್ತದೆ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಶಕ್ತಿನಗರ, ಕುಡತಿನಿ, ಕೂಡಗಿ ಎಲ್ಲ ಕಡೆ ಇದೇ ತಲೆನೋವು. ಸಿಮೆಂಟು, ಇಟ್ಟಿಗೆ, ರಸ್ತೆಗೆ ಹೋಗಿ ಉಳಿದದ್ದನ್ನು ಕಲ್ಲಿದ್ದಲು ತೆಗೆದ ತೆರೆದ ಗಣಿಗೇ ತುಂಬುವುದುಂಟು. ಮಧ್ಯಪ್ರದೇಶದ ಸಿಂಗ್ರೌಲಿಯ ಗೋರ್ಬಿ, ಒಡಿಶಾದ ಸೌತ್ ಬಲಂದಾ ಗಣಿಗಳಲ್ಲಿ ಹಾಗೆ ಮಾಡಿದ್ದಾರೆ.

ಇದರಲ್ಲಿ ಒಂದು ಲಾಭ ಇದೆ. 2008ರ ಡಿಸೆಂಬರ್ 22ರಂದು ಅಮೆರಿಕದ ಕಿಂಗ್‌ಸ್ಟನ್‌ನಲ್ಲಿ, ನೀರು ಬೆರೆಸಿದ ಬೂದಿ ತುಂಬಿಡುವ ಕೆರೆಯ ಏರಿ ಒಡೆದು 40 ಲಕ್ಷ ಘನ ಮೀಟರ್‌ಗೂ ಹೆಚ್ಚು ರಾಡಿ ಹರಿದಿತ್ತು. ಗುಂಡಿಯೊಳಗಿನ ಬೂದಿಗೆ ಆ ಭಯ ಕಡಿಮೆ. ಆದರೆ ಏರಿ ಒಡೆದರೆ ಕಣ್ಣಿಗೆ ಕಾಣುತ್ತದೆ, ಕೆಳಗೆ ಜಿನುಗಿದ್ದು ಕಾಣುವುದಿಲ್ಲ. ಬೂದಿಯಲ್ಲಿ ಆರ್ಸೆನಿಕ್, ಬೋರಾನ್, ಸೆಲೆನಿಯಂನಂಥ, ಕುಡಿಯುವ ನೀರಿಗೆ ಸೇರಬಾರದ ಧಾತುಗಳು ಸ್ವಲ್ಪ ಸ್ವಲ್ಪ ಇರುತ್ತವೆ. ಒಣಗಿದ್ದಾಗ ಸುಮ್ನೆ ಕೂತಿರುತ್ತವೆ, ನೀರು ಸಿಕ್ಕರೆ ಹೊರಡುತ್ತವೆ.

ಹಾಗಾಗಿ ಎಂಜಿನಿಯರನ ನಕ್ಷೆ ತುಂಬಾ ನೀರಿನದೇ ಲೆಕ್ಕ. ಪೈಪಿನಲ್ಲಿ ರಾಡಿ ಮಾಡಿ ಬಿಡುವುದು ಸುಲಭ, ಆದರೆ ಬೂದಿಯ ಜೊತೆ ನೀರನ್ನೂ ನಾವೇ ಕೊಟ್ಟಂತೆ. ನನಗೆ ಒಣ ದಾರಿಯೇ ಸರಿ ಅನ್ನಿಸುತ್ತದೆ. ಬೂದಿಗೆ ಹದವಾಗಿ ನೀರು ಚಿಮುಕಿಸಿ, ತೆಳುವಾಗಿ ಹರಡಿ, ಪದರ ಪದರವಾಗಿ ರೋಲರ್ ಓಡಿಸುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ನೀರು ಕಡಿಮೆಯಾದರೆ ಧೂಳು ಹಾರುತ್ತದೆ, ಹೆಚ್ಚಾದರೆ ರೋಲರ್ ಹೂತುಕೊಳ್ಳುತ್ತದೆ.

ಗುಂಡಿಯ ತಳಕ್ಕೆ ಜೇಡಿಮಣ್ಣನ್ನು ಬಿಗಿಯಾಗಿ ಅದುಮಿ ಹಾಸಬೇಕು. ಒಳ್ಳೆಯ ಹಾಸಿನಲ್ಲಿ ವರ್ಷಕ್ಕೆ ಸುಮಾರು 3 ಸೆಂಟಿಮೀಟರ್ ನೀರಷ್ಟೇ ಇಳಿಯುತ್ತದೆ. ಅದೂ ಮೇಲೆ ನೀರು ನಿಂತಿರದಿದ್ದರೆ! ನಿಂತರೆ ಅದರ ಭಾರಕ್ಕೆ ಇನ್ನೂ ಜಾಸ್ತಿ ಇಳಿಯುತ್ತದೆ. ಅಜ್ಜ ಹೇಳಿದ್ದೂ ಅದನ್ನೇ ಅಲ್ವಾ?

ನಮ್ಮ ಎರೆ ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು ಅನ್ನಿಸಬಹುದು. ನೆನೆದಾಗ ಹೌದು, ನೀರು ಬಿಡುವುದಿಲ್ಲ. ಆದರೆ ಬೇಸಿಗೆಯಲ್ಲಿ ನವಲಗುಂದದ ಹೊಲದಲ್ಲಿ ನಡೆದವರಿಗೆ ಗೊತ್ತು, ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಗುಂಡಿಯ ಮೇಲ್ಮುಚ್ಚಿಗೆಗೆ ಅದನ್ನು ಬಳಸಿದರೆ ಮೇಲೆ ದಪ್ಪಗೆ ಬೇರೆ ಮಣ್ಣು ಹಾಕಿ ಹಸಿ ಆರದಂತೆ ನೋಡಿಕೊಳ್ಳಬೇಕು. ಮುಚ್ಚಿಗೆಗೆ ಇಳಿಜಾರು, ಸುತ್ತ ಕಾಲುವೆ. ನೆಲದೊಳಗಿನ ನೀರು ಗುಂಡಿಯತ್ತ ಹರಿದು ಬರುವ ಕಡೆ ಒಂದು, ಹರಿದು ಹೋಗುವ ಕಡೆ ಕೆಲವು ಬೋರು ಕೊರೆದು ವರ್ಷಗಟ್ಟಲೆ ನೀರು ಪರೀಕ್ಷೆ ಮಾಡುತ್ತಿರಬೇಕು.

ಕಲ್ಲಿನ ಖಣಿಯ ಕಥೆ ಇನ್ನೂ ಸೂಕ್ಷ್ಮ. ನಮ್ಮ ಕಡೆ ಗಟ್ಟಿ ಬಂಡೆ, ಅಂತರ್ಜಲ ಇರುವುದು ಅದರ ಬಿರುಕುಗಳಲ್ಲಿ. ಮದ್ದು ಸಿಡಿಸಿದ ಕಡೆ ಬಿರುಕು ಹೆಚ್ಚಿರುತ್ತದೆ. ತಳ ಅಂತರ್ಜಲಕ್ಕಿಂತ ಮೇಲಿದೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ.

"ನೀವು ಹೇಳಿದ ಖಣಿಯಲ್ಲಿ ಬೇಸಿಗೆಗೆ ನೀರಿರುತ್ತಾ ಕಾಕಾ?" ಎಂದು ಕೇಳಿದೆ.

"ಏ, ಮೇ ತಿಂಗಳದಾಗೂ ಹುಡುಗ್ರು ಅಲ್ಲೇ ಈಜತಾರ," ಅಂದವರು ಕೈಯಲ್ಲಿದ್ದ ಇಟ್ಟಿಗೆ ಕೆಳಗಿಟ್ಟು, "ಹಂಗಾರ ಬ್ಯಾಡ ಬಿಡು" ಅಂದರು.