ಅರವತ್ತಕ್ಕೂ ಮೊದಲಿನ ಅರಳುಮರಳು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯ ಲೆಕ್ಕ ಸ್ವಲ್ಪ ತಪ್ಪಿದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮೈಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಶೇಖರವಾಗತೊಡಗಿರುತ್ತದೆ. ಎಪ್ಪತ್ತಕ್ಕೆ ಮರೆಯತೊಡಗಿದ ಅಜ್ಜಿಯ ಕಾಯಿಲೆ, ಆಕೆ ಐವತ್ತರ ಆಸುಪಾಸಿನಲ್ಲಿ ಮಗಳ ಮದುವೆಗೆಂದು ಓಡಾಡುತ್ತಿದ್ದಾಗಲೇ ಒಳಗೆ ಹೆಜ್ಜೆಯಿಟ್ಟಿರಬಹುದು. ಮುಟ್ಟು ನಿಂತು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ.

ಇವೆರಡಕ್ಕೂ ನಂಟಿದೆಯೇ? ಮಿದುಳು ಗ್ಲೂಕೋಸನ್ನು ಬಳಸಿಕೊಳ್ಳುವುದರಲ್ಲಿ ಈಸ್ಟ್ರೋಜನ್ನಿಗೆ ಪಾತ್ರವಿರುವುದರಿಂದ ಅನುಮಾನವೇನೋ ಸಹಜ. ಹಾಗಿದ್ದರೆ ಹಾರ್ಮೋನು ಮಾತ್ರೆ ಕೊಟ್ಟರಾಯಿತಲ್ಲ! ಅಮೆರಿಕದಲ್ಲಿ 65 ದಾಟಿದ ಹೆಂಗಸರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಸೇರಿಸಿ ಕೊಟ್ಟು ನೋಡಿದರು. ಫಲಿತಾಂಶ 2003ರಲ್ಲಿ ಬಂತು: ಮಾತ್ರೆ ನುಂಗಿದವರಲ್ಲಿ ಡಿಮೆನ್ಷಿಯಾದ, ಅಂದರೆ ಅರಳುಮರಳಿನ ಕಾಯಿಲೆಯ, ಅಪಾಯ ಸುಮಾರು ಎರಡು ಪಟ್ಟು. ಯಾವ ವಯಸ್ಸಿನಲ್ಲಿ ಕೊಟ್ಟರು ಎಂಬುದೇ ಎಡವಟ್ಟಾಯಿತೇ ಎಂಬ ವಾದ ಇನ್ನೂ ಮುಗಿದಿಲ್ಲ.

ಅಮೆರಿಕದ ಆಲ್‌ಝೈಮರ್ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಹೆಂಗಸರ ಆಯಸ್ಸು ಜಾಸ್ತಿ ಎಂಬುದು ಒಂದು ಕಾರಣ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಕಾಯಿಲೆಯ ಮೊದಲ ದಿನಗಳು. ನೆನಪಿನ ಪರೀಕ್ಷೆಯೊಂದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 15 ಪದಗಳನ್ನು ಓದಿ ಹೇಳುತ್ತಾರೆ: ಪರದೆ, ಗಂಟೆ, ಕಾಫಿ, ಹೀಗೆ. ಐದು ಸಲ ಓದುತ್ತಾರೆ, ಐದು ಸಲವೂ ನೆನಪಿದ್ದಷ್ಟನ್ನು ಒಪ್ಪಿಸಬೇಕು. ನಡುವೆ ಇನ್ನೊಂದು ಪಟ್ಟಿ ತಂದು ತಲೆ ಕೆಡಿಸುತ್ತಾರೆ. ಅರ್ಧ ಗಂಟೆ ಬಿಟ್ಟು, ‘ಮೊದಲಿನ ಪಟ್ಟಿ ಹೇಳಿ ನೋಡೋಣ’ ಎನ್ನುತ್ತಾರೆ.

ಇದರಲ್ಲಿ ಹೆಂಗಸರು ಸರಾಸರಿಯಾಗಿ ಗಂಡಸರಿಗಿಂತ ಮುಂದು. ಒಳ್ಳೆಯದೇ, ಆದರೆ ಇಲ್ಲೇ ಪೇಚು. ಮಿದುಳಿಗೆ ಅಷ್ಟೇ ಹಾನಿಯಾಗಿದ್ದರೂ ಗಂಡ ನಪಾಸು, ಹೆಂಡತಿ ಪಾಸು. ಇಬ್ಬರಿಗೂ ಒಂದೇ ಪಾಸ್ ಮಾರ್ಕು ಇಟ್ಟಿರುವುದರಿಂದ ಆಕೆಯನ್ನು ‘ಏನೂ ಇಲ್ಲಮ್ಮ’ ಎಂದು ಮನೆಗೆ ಕಳಿಸುತ್ತಾರೆ. ನರಕೋಶದ ಒಳಗೆ ಸಿಕ್ಕುಗಟ್ಟುವ ಟೌ ಎಂಬ ಪ್ರೋಟೀನು, ಅಮೈಲಾಯ್ಡ್ ಅಷ್ಟೇ ಇದ್ದರೂ, ಹೆಂಗಸರಲ್ಲಿ ಹೆಚ್ಚು ಕಂಡುಬಂದಿದೆ. ಒಳ್ಳೆಯ ಅಂಕದ ಮುಸುಕು ಸರಿದು ಕಾಯಿಲೆ ಬಯಲಾದ ಮೇಲೆ ಅವರ ನೆನಪು ಬೇಗಬೇಗನೆ ಇಳಿಯುತ್ತದೆ.

ನಮ್ಮಲ್ಲಿ ತಪ್ಪು ತಿರುಗುಮುರುಗಾಗುವುದೂ ಉಂಟು. ಶಾಲೆಯ ಮುಖ ಕಾಣದ ಹೆಂಗಸಿಗೆ ಪದಗಳ ಪಟ್ಟಿ ಒಪ್ಪಿಸುವ ಆಟವೇ ಹೊಸದು. ಅಂಕ ಕಮ್ಮಿ ಬಂದರೆ ಅದು ಕಾಯಿಲೆಯೋ, ಕೈತಪ್ಪಿದ ಓದೋ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ಒಮ್ಮೆ ಬಂದ ಅಂಕಕ್ಕಿಂತ, ಅದೇ ಮನುಷ್ಯರ ಅಂಕ ವರ್ಷದಿಂದ ವರ್ಷಕ್ಕೆ ಎಷ್ಟು ಇಳಿಯಿತು ಎಂಬುದನ್ನೇ ನಾನಾದರೆ ನಂಬುವೆ.

ಆಲ್‌ಝೈಮರ್ ಅರವತ್ತಕ್ಕೂ ಮೊದಲೇ ಬಂದರೆ ಮೊದಲು ಕಾಣುವುದು ಮರೆವೇ ಆಗಬೇಕೆಂದಿಲ್ಲ. ಮಾತು ತಡವರಿಸಬಹುದು, ದಾರಿ ತಪ್ಪಬಹುದು. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದ, ಕಾಯಿಲೆಗೆ ಹೆಸರು ಕೊಟ್ಟ ಆಲ್‌ಝೈಮರ್ ಡಾಕ್ಟರು ನೋಡಿದ ಆಗುಸ್ಟೆ ಡೀಟರ್‌ಗೆ ಆಗ 51. ಮನೆಯವರ ಕಣ್ಣಿಗೆ ಮೊದಲು ಬಿದ್ದದ್ದು ಗಂಡನ ಮೇಲಿನ ಸಂಶಯ.

ಮೈ ನಡುಗಿಸಿ ಬಿಗಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಗಂಡಸರೇ ಸುಮಾರು ಒಂದೂವರೆ ಪಟ್ಟು. ಹೆಂಗಸರಲ್ಲಿ ಅದು ಬಿಗಿತಕ್ಕಿಂತ ನಡುಕದಿಂದ ಶುರುವಾಗುವುದು ಹೆಚ್ಚು. ಮಲಬದ್ಧತೆ, ವಾಸನೆ ಹತ್ತದಿರುವುದು, ನಿದ್ದೆಯಲ್ಲಿ ಒದೆಯುವುದು ಎಷ್ಟೋ ವರ್ಷ ಮೊದಲೇ ಬಂದಿರುತ್ತವೆ, ಯಾರೂ ಲೆಕ್ಕಕ್ಕಿಡುವುದಿಲ್ಲ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದ್ದು ಆರು ಮಂದಿಯನ್ನು ನೋಡಿ. ಆರೂ ಗಂಡಸರು. ಅವರಲ್ಲಿ ಕೆಲವರು ಆತನಿಗೆ ಎದುರಾದದ್ದು ಬೀದಿಯಲ್ಲಿ. ನಡುಗುವ ಹೆಂಗಸರು ಆಗಲೂ ಇದ್ದಿರಬೇಕು, ಬೀದಿಗೆ ಬಂದಿರಲಿಕ್ಕಿಲ್ಲ.